ಅಮರಾವತಿಯಲ್ಲಿ ಅವ್ವ ಮುಡಿದ ಹೂವು

ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಸೇಲಂನ ಕಾಲೇಜೊಂದರಲ್ಲಿ ವಾಸ್ತುಶಿಲ್ಪ ಕಲಿಸುವ ನಾನು ಅಮರಾವತಿಯ ಬೌದ್ಧ ಸ್ತೂಪ ನೋಡಲು ಹೊರಟಿದ್ದೆ. ಪಾಪಿರೆಡ್ಡಿಪಟ್ಟಿಯ ಬಳಿ ನನ್ನ ತಮ್ಮನ ಮನೆಯಲ್ಲಿದ್ದ ಅವ್ವ, "ನಾನೂ ಬತ್ತೀನಿ" ಎಂದಳು.

ಸುದ್ದಿ ತಿಳಿದು ಅಪ್ಪನ ಅಕ್ಕ ಮನೆಗೇ ಬಂದರು. ಸಾವಿನ ಸೂತಕಕ್ಕೆ ನಮ್ಮ ಕಡೆ ತೀಟ್ಟು ಅನ್ನುತ್ತಾರೆ. "ತೀಟ್ಟು ಐತೆ. ವರ್ಸ ತುಂಬೋಗಂಟ ಕೋವಿಲ್ ಒಳಿಕ್ಕೆ ಕಾಲಿಡ್ಬಾರ್ದು, ಗೊತ್ತಿಲ್ವ?"

"ಸ್ತೂಪಕ್ಕೆ ಒಳಗು ಅಂತಲೇ ಇಲ್ಲ ಅತ್ತೆ. ಗುಡಿ ತರ ಬಾಗ್ಲೂ ಇಲ್ಲ" ಎಂದೆ. ಅವರು ನಂಬಲಿಲ್ಲ. ಅವ್ವ ಸೀರೆ ಮಡಿಸಿ ಚೀಲಕ್ಕೆ ತುಂಬಿದಳು.

ಅಮರಾವತಿಯಲ್ಲಿ ಉಳಿದಿರುವುದು ಅಗಲವಾದ ದುಂಡು ದಿಬ್ಬ, ಅಂಚಿನಲ್ಲಿ ಅಲ್ಲಲ್ಲಿ ಬಿಳಿಚಿದ ಕಲ್ಲಿನ ಚಪ್ಪಡಿ.

"ಇಷ್ಟೇನಾ?" ಎಂದಳು ಅವ್ವ.

ಪಕ್ಕದ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಒಂದು ಕಲ್ಲಿನಲ್ಲಿ ಸ್ತೂಪದ ಹಳೆಯ ರೂಪವನ್ನೇ ಕೆತ್ತಿದ್ದರು: ಬೋರಲು ಹಾಕಿದ ಬಟ್ಟಲಿನಂಥ ಗುಮ್ಮಟ, ಸುತ್ತಲೂ ಕಲ್ಲಿನ ಕಟಕಟೆ, ಕಟಕಟೆಯ ದ್ವಾರದ ಎದುರಿಗೆ ಸಾಲಾಗಿ ಐದು ಕಂಬ. "ಗುಮ್ಮಟದೊಳಗೆಲ್ಲ ಮಣ್ಣು ಅವ್ವ. ಹೊರಗೆ ಇಟ್ಟಿಗೆ, ಅದರ ಮೇಲೆ ಕಲ್ಲು. ಇಂಥದ್ರ ನಡುವೆ ಅಸ್ಥಿ ಇಡ್ತಿದ್ರು. ಜನ ಸುತ್ತ ನಡೀತಿದ್ರು, ಅಷ್ಟೇ."

ಅವ್ವ ಕೆತ್ತನೆಯನ್ನೇ ನೋಡುತ್ತ ನಿಂತಳು. "ಸತ್ತೋರ ಮೂಳೆನ ಒಳಗೆ ಮಡಿಕ್ಕಂಡಿರೋದು ನನ್ನ ನೋಡಿ ತೀಟ್ಟು ಅಂತದಾ?"

ಮತ್ತೆ ದಿಬ್ಬದ ಬಳಿಗೆ ಬಂದು, ನೋಯುವ ಮಂಡಿಯಲ್ಲೇ ಪೂರ್ತಿ ಒಂದು ಸುತ್ತು ಹಾಕಿದಳು. ಹೊರಗೆ ಬಂದವಳೇ ಕನಕಾಂಬರ ಕೊಂಡಳು. ನನಗೆಂದುಕೊಂಡೆ. ತಾನೇ ಮುಡಿದಳು.

"ಫೋಟೋ ತೆಗಿ. ಅತ್ಗೆಗೂ ಕಳ್ಸು."

ನನಗೇ ಅಳುಕಿತ್ತು. ಆದರೂ ಕಳಿಸಿದೆ. ತಕ್ಷಣ ಅತ್ತೆಯ ದನಿ ವಾಟ್ಸಾಪಿನಲ್ಲಿ ಬಂತು: "ಊರಿಗೆ ಬರೋಕ್ ಮುಂಚೆ ಅದ ಕಿತ್ತಾಕು. ನಾಕು ಜನ ಏನಂತಾರೆ?"

ಅವ್ವ ಫೋನ್ ಕಸಿದುಕೊಂಡಳು. "ಅತ್ಗೆ, ಈ ಹೂವ ನಿನ್ ತಮ್ಮನೇ ಸಂತೆಯಿಂದ ತಂದ್ಕೊಡ್ತಿದ್ದ. ಮುಡೀಬೇಡ ಅಂತ ಅವ್ನು ಹೇಳಿಲ್ಲ. ನೀನು ಹೇಳ್ಬೇಡ."

ಸೇಲಂ ತಲುಪುವಷ್ಟರಲ್ಲಿ ಹೂ ಬಾಡಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹೊಸದು ಕೊಂಡು ಮುಡಿದು, ಅವ್ವ ನನ್ನ ಜೊತೆ ಊರಿನ ಬಸ್ಸು ಹತ್ತಿದಳು. ಊರಲ್ಲಿ ಇಳಿದಾಗ ಟೀ ಅಂಗಡಿಯ ಮುಂದಿದ್ದವರೆಲ್ಲ ಮಾತು ನಿಲ್ಲಿಸಿ ನೋಡಿದರು. ಅವ್ವ ಸೆರಗನ್ನು ತಲೆಗೆ ಎಳೆದುಕೊಳ್ಳಲಿಲ್ಲ. ತಮ್ಮ ಒಂದಷ್ಟು ದಿನ ಮುಖ ಕೊಟ್ಟು ಮಾತಾಡಲಿಲ್ಲ, ಆಮೇಲೆ ಸರಿಹೋದ.

ಅತ್ತೆ ಈಗಲೂ ನಮ್ಮ ಮನೆಗೆ ಬರುವುದಿಲ್ಲ. ಅವ್ವ ಕರೆಯಲೂ ಹೋಗಿಲ್ಲ.