ಏಳನೆಯ ಪೀಪಾಯಿಯ ಒತ್ತಡ

ಬೆಳಗಿನ ಸುತ್ತಿನಲ್ಲಿ ಹಿರಿಸೊಸೆ ಏಳನೆಯ ಪೀಪಾಯಿಯ ಎದುರು ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದಳು. ಮೂರಾಳೆತ್ತರದ ಉಕ್ಕಿನ ಪೀಪಾಯಿ ಅದು. ಒಳಗೆ ಅಣುಸ್ಥಾವರದಲ್ಲಿ ಬಳಸಿ ಮುಗಿಸಿದ ಇಂಧನದ ಕಡ್ಡಿಗಳಿವೆ. ಮೇಲೆ ಎರಡು ಮುಚ್ಚಳ, ಅವುಗಳ ನಡುವೆ ಒತ್ತಿ ತುಂಬಿದ ಹೀಲಿಯಂ ಅನಿಲ. ಅದರ ಒತ್ತಡ ಇಳಿದರೆ ಯಾವುದೋ ಮುಚ್ಚಳ ಸಡಿಲಾಗಿದೆ ಎಂದರ್ಥ. ಅದನ್ನು ಕಾಯುವುದೇ ಅವಳ ಕೆಲಸವಾಗಿತ್ತು. ಪೀಪಾಯಿ ಮುಚ್ಚಿದಂದಿನಿಂದ ಕಾಯುತ್ತಿದ್ದಳು. ಒಳಗಿರುವುದನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ.

ಹಿರಿಸೊಸೆ ಎನ್ನುವುದು ಜೊತೆಯಲ್ಲಿ ಕೆಲಸ ಮಾಡುವವರು ಇಟ್ಟ ಹೆಸರು. ಕಿರಿಸೊಸೆ ಅವಳ ಮೈದುನನ ಹೆಂಡತಿ. ಪಕ್ಕದ ಕಟ್ಟಡದ ಕೊಳದಲ್ಲಿ, ಇನ್ನೂ ಬಿಸಿ ಆರದ ಇಂಧನವನ್ನು ನೀರೊಳಗೆ ಕ್ಯಾಮೆರಾ ಇಳಿಸಿ ನೋಡುತ್ತಾಳೆ. ಇಬ್ಬರಿಗೂ ಒಂದೇ ಮನೆ, ಒಂದೇ ಒಲೆ, ಒಂದೇ ಬಚ್ಚಲು. ಓರಗಿತ್ತಿಯನ್ನು ಈ ಕೆಲಸಕ್ಕೆ ಸೇರಿಸಿದ್ದೂ ಹಿರಿಯವಳೇ.

ಇಷ್ಟು ವರ್ಷಗಳಲ್ಲಿ ಕಡ್ಡಿಗಳ ಕವಚ ಬಿರುಕು ಬಿಟ್ಟಿದೆಯೇ ಎಂದು ತಿಳಿಯಲು ಒಂದು ಪೀಪಾಯಿಯನ್ನು ತೆರೆಯಬೇಕೆಂದು ಈಚೆಗೆ ತೀರ್ಮಾನವಾಯಿತು. ಆರಿಸಿದ್ದು ಏಳನೆಯದನ್ನು. ಅದನ್ನು ಕೊಳದಲ್ಲಿ ಮುಳುಗಿಸಿ, ಮುಚ್ಚಳ ತೆಗೆದು, ಕ್ಯಾಮೆರಾ ನಡೆಸುವ ಕೆಲಸ ಕಿರಿಸೊಸೆಯ ಪಾಲಿಗೆ ಬಂತು.

ಅಂದು ಸಂಜೆ ಅವಳು ಪಾತ್ರೆ ಒಣಗಿಸುವ ತಂತಿ ಬುಟ್ಟಿಯೊಳಗೆ ಫೋನು ಇಳಿಸಿ, ಸರಳುಗಳ ನಡುವೆ ಮೆಲ್ಲಗೆ ಸರಿಸುತ್ತ ಅಭ್ಯಾಸ ಮಾಡುತ್ತಿದ್ದಳು.

"ಅಕ್ಕ, ಹೀಗೆ ಅಲ್ಲಾಡದೆ ಹೋದ್ರೆ ಸಾಕಲ್ವಾ?"

"ನನ್ನನ್ನೇನು ಕೇಳ್ತೀಯೆ? ಒಳಗೆ ಇಣುಕೋ ಯೋಗ ನಿಂದು. ಬುಟ್ಟಿ ಬಿಡು, ತಟ್ಟೆ ಇಡಬೇಕು."

ಊಟಕ್ಕೆ ಕುಳಿತಿದ್ದ ಮೈದುನ ನಕ್ಕ. "ಅತ್ತಿಗೆ, ಇವಳು ಇನ್ಮೇಲೆ ನೆಲದ ಮೇಲೆ ಕಾಲಿಡಲ್ಲ ನೋಡ್ತಿರಿ."

"ಇಡೋದ್ಯಾಕೆ? ನೀನಿದ್ದೀಯಲ್ಲ, ಹೊತ್ಕೊಂಡು ತಿರುಗು," ಎಂದಳು ಹಿರಿಯವಳು. ನಗಲಿಲ್ಲ. ಆ ವಾರವೆಲ್ಲ ಅವಳ ಹೊಟ್ಟೆಯ ಉರಿ ಆರಲಿಲ್ಲ.

ಪ್ರತಿ ಪೀಪಾಯಿಗೂ ಎರಡು ಮಾಪಕಗಳಿವೆ. ಹಳೆಯದಾದಂತೆ ಮಾಪಕವೇ ತಪ್ಪು ತೋರಿಸುವುದುಂಟು. ಆದ್ದರಿಂದ ಒಂದರಲ್ಲಿ ಒತ್ತಡ ಇಳಿದಂತೆ ಕಂಡರೆ, ಹಿಂಬದಿಯ ಪೆಟ್ಟಿಗೆಯ ಬೀಗ ತೆಗೆದು ಇನ್ನೊಂದನ್ನು ನೋಡಿದ ಮೇಲೆಯೇ ಬಾಯಿ ತೆರೆಯಬೇಕು. ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದವಳು ಹಿರಿಸೊಸೆಯೇ. ಆದರೆ ಏಳನೆಯ ಪೀಪಾಯಿಯ ಮುಂಬದಿಯ ಮುಳ್ಳು ಕೆಳಗೆ ಜಾರಿದ್ದು ಕಂಡ ಬೆಳಿಗ್ಗೆ, ಬೀಗದ ಕೈ ಅವಳ ಜೇಬಿನಲ್ಲೇ ಉಳಿಯಿತು. ನೇರವಾಗಿ ಮೇಲ್ವಿಚಾರಕರಿಗೆ ಫೋನು ಮಾಡಿದಳು.

"ಎರಡನೇದೂ ನೋಡಿದ್ರಾ?" ಎಂದು ಅವರು ಕೇಳಿದರು.

"ನೋಡ್ದೆ ಸಾರ್. ಅದೂ ಹಾಗೇ ಇದೆ."

ಪೀಪಾಯಿ ತೆರೆಯುವ ಕೆಲಸ ನಿಂತಿತು. ಸಂಜೆ ಅವಳೇ ಚಹಾ ಮಾಡಿ ಓರಗಿತ್ತಿಗೂ ಕೊಟ್ಟಳು.

"ನಂದು ಬಿಡಿ ಅಕ್ಕ," ಎಂದಳು ಕಿರಿಯವಳು. "ಅಷ್ಟು ವರ್ಷ ಮಗು ಥರ ನೋಡ್ಕೊಂಡಿದ್ದೀರಿ, ನಿಮಗೆಷ್ಟು ಸಂಕಟ ಆಗಿರ್ಬೇಕು."

ಹಿರಿಯವಳು ಲೋಟ ತೊಳೆಯಲು ಎದ್ದಳು.

ಮರುದಿನ ಸೋರಿಕೆ ಹುಡುಕುವ ತಂಡ ಬಂದು ಮೊದಲು ತೆರೆದದ್ದು ಹಿಂಬದಿಯ ಪೆಟ್ಟಿಗೆಯನ್ನೇ. ಎರಡನೆಯ ಮಾಪಕದ ಮುಳ್ಳು ಕದಲಿರಲಿಲ್ಲ. ಮುಚ್ಚಳದ ಸುತ್ತ ಪರೀಕ್ಷಿಸಿದರೂ ಅನಿಲ ಸೋರಿದ ಸುಳಿವು ಸಿಗಲಿಲ್ಲ. ಕೆಟ್ಟಿದ್ದದ್ದು ಮುಂಬದಿಯ ಮಾಪಕ.

ಮೇಲ್ವಿಚಾರಕರು ಬಾಗಿಲು ಹಾಕಿಕೊಂಡು ಕೇಳಿದರು. "ನೋಡಿಲ್ಲ ಅಂದಿದ್ರೆ ಏನಾಗ್ತಿತ್ತಮ್ಮ? ಯಾಕೆ ಸುಳ್ಳು ಹೇಳಿದ್ರಿ?"

ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. "ನನಗಿಂತ ಮುಂಚೆ ಅವಳು ನೋಡಬಾರದು ಅನ್ನಿಸ್ತು ಸಾರ್."

"ಮನೇಲಿ ಗೊತ್ತಾ?"

"ನಾನೇ ಹೇಳ್ತೀನಿ."

ಹೇಳಿದಳು ಕೂಡ. ಕಿರಿಯವಳು ಕೇಳಿಸಿಕೊಂಡು, ತನ್ನ ತಟ್ಟೆ ಎತ್ತಿಕೊಂಡು ಕೋಣೆಗೆ ಹೋದಳು. ಅಂದಿನಿಂದ ಇಬ್ಬರೂ ಬೇರೆ ಬೇರೆ ಬಸ್ಸು ಹಿಡಿಯುತ್ತಾರೆ.

ಹಿರಿಸೊಸೆಯನ್ನು ಪೀಪಾಯಿಗಳ ಅಂಗಳದಿಂದ ತೆಗೆದು, ವಿಕಿರಣ ಅಳೆಯುವ ಬ್ಯಾಜುಗಳನ್ನು ಹಂಚುವ ಕಿಟಕಿಗೆ ಹಾಕಿದ್ದಾರೆ. ಏಳನೆಯ ಪೀಪಾಯಿಯನ್ನು ಬರುವ ಗುರುವಾರ ತೆರೆಯುತ್ತಾರೆ. ಅಂದು ಕೊಳದ ಕಟ್ಟಡಕ್ಕೆ ಹೋಗುವವರೆಲ್ಲ ಅವಳ ಕೈಯಿಂದಲೇ ಬ್ಯಾಜು ಪಡೆಯಬೇಕು. ಮೊದಲ ಪಾಳಿ ಕಿರಿಸೊಸೆಯದು.