ಕೊಲೋನಿನ ಸಿಸ್ಟರ್ ಸ್ಟೆಲ್ಲಾ

೧೯೮೬ರ ಮೇ ಕೊನೆಯ ವಾರ. ಮಗಳು ಶೀಲಾ ಸ್ಯಾನ್ ರಮೋನಿನಿಂದ ನನ್ನನ್ನು ಏರ್‌ಪೋರ್ಟಿಗೆ ಕರೆದೊಯ್ದಳು. ಸ್ಯಾನ್ ಮಟೇಯೊ ಬ್ರಿಜ್ಜಿನ ಮೇಲೆ ಟ್ರಾಫಿಕ್ಕು ಆಮೆಯಂತೆ ಸಾಗುತ್ತಿತ್ತು. ಚೆರ್ನೋಬಿಲ್‌ನ ಅಣುಸ್ಥಾವರ ಸಿಡಿದು ಆಗಷ್ಟೇ ತಿಂಗಳಾಗಿತ್ತು; ಅದರ ವಿಷ ಮಳೆಯಲ್ಲಿ ಜರ್ಮನಿಯವರೆಗೂ ಇಳಿದಿತ್ತು.

“ಮಮ್ಮಿ, ಅಲ್ಲಿ ಸಲಾಡು ಮುಟ್ಟಬೇಡಿ. ಹಾಲೂ ಬೇಡ. ಪ್ರಾಮಿಸ್?”

“ಅರವತ್ನಾಲ್ಕು ವರ್ಷದವಳಿಗೆ ಇನ್ನು ಯಾವ ವಿಷ ಏರಬೇಕು?” ಎಂದೆ. ಅವಳು ನಗಲಿಲ್ಲ.

ನಾನು ಹೊರಟಿದ್ದು ತಂಗಿ ಸ್ಟೆಲ್ಲಾಳನ್ನು ನೋಡಲು. ನನಗಿಂತ ಹತ್ತು ವರ್ಷ ಚಿಕ್ಕವಳು. ಇಪ್ಪತ್ತೆರಡು ವರ್ಷಗಳ ಹಿಂದೆ ಮಂಗಳೂರಿನಿಂದ ನರ್ಸಾಗಿ ಜರ್ಮನಿಗೆ ಹೋದಳು. ಈಗ ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಪೇಷಂಟು. ಹೊಟ್ಟೆಯ ಕ್ಯಾನ್ಸರ್, ಇನ್ನು ಕೆಲವೇ ದಿನ ಎಂದು ಆಸ್ಪತ್ರೆಯವರು ತಿಳಿಸಿದ್ದರು; ಬರುತ್ತೇನೆಂದು ನಾನು ತಂತಿ ಕಳಿಸಿದ್ದೆ. ಎಂಟು ವರ್ಷಗಳ ಹಿಂದೆ ಅಮ್ಮ ಸಾಯುವಾಗ ಅವಳು ಬಂದಿರಲಿಲ್ಲ. “ಇನ್ನು ನೀನು ನಮ್ಮ ಮನೆಗೆ ಬರುವುದು ಬೇಡ” ಎಂದು ನಾನು ಬರೆದಿದ್ದೆ. ಉತ್ತರ ಬರಲಿಲ್ಲ. ಆ ಮಾತನ್ನು ನನ್ನ ಬಾಯಿಂದಲೇ, ಅವಳ ಕಿವಿ ಕೇಳುವಾಗಲೇ ಹಿಂದೆ ತೆಗೆದುಕೊಳ್ಳಬೇಕಿತ್ತು.

ಫ್ರಾಂಕ್‌ಫರ್ಟಿಗೆ ಹನ್ನೊಂದು ಗಂಟೆ. ಅಲ್ಲಿಂದ ಕೊಲೋನಿಗೆ ಎರಡೂವರೆ ಗಂಟೆಯ ಟ್ರೈನು, ರೈನ್ ನದಿಯ ಮಗ್ಗುಲಲ್ಲೇ. ಗುಡ್ಡದ ಮೇಲೆ ದ್ರಾಕ್ಷಿತೋಟ, ಹಳೇ ಕೋಟೆಗಳು, ಒಂದೇ ಸಮನೆ ಜಿಟಿಜಿಟಿ ಮಳೆ. ಎದುರಿನ ಸೀಟಿನ ಮಗು ಕಿಟಕಿಯಿಂದ ಕೈ ಚಾಚಿತು. ತಾಯಿ ಅದನ್ನು ಒಳಗೆಳೆದು, ಒದ್ದೆ ಬೆರಳುಗಳನ್ನು ಒಂದೊಂದಾಗಿ ಒರೆಸಿ, ಆ ಕರವಸ್ತ್ರವನ್ನೇ ಕಸದ ಡಬ್ಬಿಗೆ ಹಾಕಿದಳು. ಮಳೆಗೆ ಹೆದರುವ ಊರನ್ನು ನಾನು ಅದೇ ಮೊದಲು ಕಂಡದ್ದು.

ಕೊಲೋನ್ ಸ್ಟೇಷನ್ನಿನಿಂದ ಹೊರಬಂದರೆ ಎದುರಿಗೇ ಕಥೀಡ್ರಲ್ಲು, ಮಸಿ ಹಿಡಿದ ಎರಡು ಗೋಪುರ. ಒಳಗೆ ಹೋಗಿ ಮೊಣಕಾಲೂರುವ ಆಸೆ ಇತ್ತು, ಟೈಮಿರಲಿಲ್ಲ. ಟ್ಯಾಕ್ಸಿ ಹಿಡಿದು ಮೂರೂವರೆಗೆ ಆಸ್ಪತ್ರೆ ಮುಟ್ಟಿದೆ.

ಅಲ್ಲಿ ನನ್ನ ನಾಲಿಗೆ ನನಗೆ ಮೋಸ ಮಾಡಿತು. ನರ್ಸಿಂಗ್ ಮುಗಿಸಿದ ದಿನದಿಂದ ಮನೆಯಲ್ಲಿ, ಭಾನುವಾರದ ಇಗರ್ಜಿಯಲ್ಲಿ ಎಲ್ಲರಿಗೂ ಅವಳು ‘ಸಿಸ್ಟರ್ ಸ್ಟೆಲ್ಲಾ’. ಕಾನ್ವೆಂಟಿನಲ್ಲಿ ಕಲಿತ ನೀಟಾದ ಇಂಗ್ಲಿಷಿನಲ್ಲಿ, ಸಿಸ್ಟರ್ ಸ್ಟೆಲ್ಲಾ ಬೇಕು ಎಂದೆ.

“ಶ್ವೆಸ್ಟರ್ ಸ್ಟೆಲ್ಲಾ?” ಕೌಂಟರಿನವನು ಪಟ್ಟಿ ನೋಡಿದ. “ಟುಡೇ ನೋ ಡ್ಯೂಟಿ.” ಚೀಟಿಯಲ್ಲಿ ನರ್ಸುಗಳ ಹಾಸ್ಟೆಲ್ಲಿನ ವಿಳಾಸ ಬರೆದು, ಟ್ರಾಮಿನ ದಾರಿ ತೋರಿಸಿದ. ನೋವು ಕಡಿಮೆಯಾಗಿ ರೂಮಿಗೆ ಕಳಿಸಿರಬೇಕೆಂದು ನಾನು ಖುಷಿಯಿಂದಲೇ ಟ್ರಾಮು ಹತ್ತಿದೆ.

ಹಾಸ್ಟೆಲ್ಲಿನ ಬಾಗಿಲು ತೆರೆದದ್ದು ಏಲಮ್ಮ ಎಂಬ ಮಲಯಾಳಿ ನರ್ಸು. ಮಂಗಳೂರಿನಲ್ಲಿ ಸ್ಟೆಲ್ಲಾಳ ಜೊತೆಗೇ ಕಲಿತವಳು, ಆಗಲೇ ನನ್ನನ್ನು ಕಂಡು ತನ್ನ ಭಾಷೆಯಲ್ಲಿ ಅಕ್ಕ, ಚೇಚಿ ಎನ್ನುತ್ತಿದ್ದವಳು.

“ಅಯ್ಯೋ ಚೇಚಿ, ಇಲ್ಲಿಗೆ ಎಂತಕ್ಕೆ ಬಂದದ್ದು? ಅವಳು ಅಲ್ಲಿಯೇ ಉಂಟಲ್ಲ, ಮೂರನೇ ಮಾಳಿಗೆಯಲ್ಲಿ!”

“ಸಿಸ್ಟರ್ ಸ್ಟೆಲ್ಲಾ ಅಂತ ಕೇಳಿದೆ…”

“ಇಲ್ಲಿ ನರ್ಸಿಗೂ ಶ್ವೆಸ್ಟರ್, ಒಡಹುಟ್ಟಿದವಳಿಗೂ ಶ್ವೆಸ್ಟರ್. ನಲ್ವತ್ತು ಶ್ವೆಸ್ಟರುಗಳಿದ್ದೇವೆ ಈ ಮನೆಯಲ್ಲಿ. ಪೇಷಂಟು ಅಂತ ಒಂದು ಮಾತು ಸೇರಿಸ್ಬಾರ್ದಿತ್ತಾ ಮಾರಾಯ್ರೆ?” ಕೊಡೆ ಹುಡುಕುತ್ತಲೇ ದನಿ ತಗ್ಗಿಸಿದಳು. “ಬೆಳಿಗ್ಗೆಯಿಂದ ಇಂಜೆಕ್ಷನ್ ಬೇಡ ಅಂತ ಹಲ್ಲು ಕಚ್ಚಿಕೊಂಡಿದ್ದಾಳೆ. ‘ಬಾಯ್ ಬರ್ತಾಳೆ, ಆಮೇಲೆ ಕೊಡಿ’ ಅಂತ.”

ಕೊಂಕಣಿಯಲ್ಲಿ ನಾವು ಅಕ್ಕನನ್ನು ಬಾಯ್ ಎನ್ನುತ್ತೇವೆ. ಎಂಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಏಲಮ್ಮನ ಜೊತೆ ಮತ್ತೆ ಟ್ರಾಮು. ಪ್ರತಿ ಸ್ಟಾಪಿನಲ್ಲೂ ಕೊಡೆ ಮಡಚುವವರು, ಬಿಚ್ಚುವವರು. ಮೂರನೇ ಮಾಳಿಗೆ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ನೋವು ತಡೆಯಲಾರದೆ ಸ್ಟೆಲ್ಲಾಳೇ ಕೇಳಿ ನಾಲ್ಕೂವರೆಗೆ ಮಾರ್ಫಿನ್ ಹಾಕಿಸಿಕೊಂಡಿದ್ದಳು.

ಹಾಸಿಗೆಯಲ್ಲಿ ಸ್ಕೂಲು ಹುಡುಗಿಯಷ್ಟೇ ಇದ್ದಳು. “ಸ್ಟೆಲ್ಲಾ, ಬಾಯ್ ಬಂದಿದ್ದೇನೆ,” ಎಂದೆ. ರೆಪ್ಪೆ ಅರ್ಧ ತೆರೆಯಿತು. ಒಣಗಿದ ತುಟಿಯಿಂದ ಎರಡೇ ಮಾತು: “ಶ್ವೆಸ್ಟರ್… ವಾಸರ್.”

ನೀರು ಕೇಳುತ್ತಿದ್ದಾಳೆ ಎಂದಳು ಏಲಮ್ಮ. ಹಾಸಿಗೆಯ ಆಚೆ ಬದಿಯಲ್ಲಿ ವಾರ್ಡಿನ ನರ್ಸು ನಿಂತಿದ್ದಳು, ಈಚೆ ನಾನು. ಸ್ಟೆಲ್ಲಾಳ ಕಣ್ಣು ಇಬ್ಬರ ನಡುವೆ ಎಲ್ಲೋ ಇತ್ತು. ನರ್ಸಿನ ಕೈಯಿಂದ ಒದ್ದೆ ಹತ್ತಿ ತೆಗೆದುಕೊಂಡು ನಾನೇ ತುಟಿ ಒದ್ದೆ ಮಾಡಿದೆ. ಅಂದು ಬರೆದದ್ದು ತಪ್ಪಾಯಿತು, ಮನೆಗೆ ಬಾ ಎಂದೆ. ಎರಡು ಸಲ ಹೇಳಿದೆ. ಮರುದಿನ ಬೆಳಿಗ್ಗೆವರೆಗೂ ಉಸಿರಿತ್ತು, ಮಾತಿರಲಿಲ್ಲ.

ನಾಲ್ಕನೆಯ ದಿನ ಅಲ್ಲೇ ಮಣ್ಣು ಮಾಡಿದೆವು. ಚೆಸ್ಟ್‌ನಟ್ ಮರಗಳು ಬಿಳಿ ಹೂವು ಉದುರಿಸುತ್ತಿದ್ದವು. ಇಪ್ಪತ್ತು ಮೂವತ್ತು ಶ್ವೆಸ್ಟರುಗಳು ಮಳೆಯಲ್ಲಿ ನಿಂತಿದ್ದರು.

ವಾಪಸು ಬಂದಾಗ ಇಲ್ಲಿ ಕಣ್ಣು ಕುಕ್ಕುವ ಬಿಸಿಲು, ಫ್ರೀವೇ ಬದಿಯ ಗುಡ್ಡಗಳೆಲ್ಲ ಆಗಲೇ ಒಣಗಿ ಹಳದಿ. ಡ್ರೈವ್ ಮಾಡುತ್ತಲೇ ಶೀಲಾ ಕೇಳಿದಳು:

“ಆಂಟಿ ನಿಮ್ಮ ಗುರುತು ಹಿಡಿದ್ರಾ ಮಮ್ಮಿ?”

“ಹಿಡಿದಳು.”

“ಏನಂದ್ರು?”

“ನೀರು ಕೇಳಿದಳು,” ಎಂದೆ. ಅಷ್ಟು ಮಾತ್ರ ನಿಜ.