ಬೆನಕಪ್ಪನ ಬಿಸಿನೀರು

ಮುಂದೆ ಅಜ್ಜಂಪುರದಿಂದ ದೇವನೂರಿನವರೆಗೆ ಹಟ್ಟಿ ಹಟ್ಟಿ ಸುತ್ತಿ ‘ಕುರಿ ಸಾಹೇಬ’ ಎನಿಸಿಕೊಂಡ ಯಗಟಿಯ ಬೆನಕಪ್ಪ, ಕುರಿಯ ವಿಷಯ ಓದಲು ಬಿಳಿಯರ ಸೀಮೆಗೆ ಹೋಗುತ್ತಾನೆ ಎಂದಾಗ ಊರೆಲ್ಲ ನಕ್ಕಿತ್ತು. ಕುರಿ ಕಾಯೋದಕ್ಕೂ ಹಡಗು ಹತ್ತಬೇಕಾ ಎಂದವರಿಗೆ ತಳಿ, ಉಣ್ಣೆ ಎಂದು ವಿವರಿಸಿ ಅವನೇ ಸುಸ್ತಾದ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದ ಅವನನ್ನು ಮಹಾರಾಜರ ಸರ್ಕಾರ ಮೇಲಿನ ಓದಿಗೆಂದು ಎಡಿನ್‌ಬರೋಗೆ ಕಳಿಸುತ್ತಿತ್ತು. ಅದು ೧೯೨೧ನೇ ಇಸವಿ.

ಕಡೂರು ಸ್ಟೇಷನ್ನಿನಲ್ಲಿ ತಾಯಿ ತೀರ್ಥಮ್ಮ ಕೇಳಿದ್ದು ಒಂದೇ ಮಾತು.

“ಮಿಂದು ಲಿಂಗಪೂಜೆ ಮಾಡ್ದೆ ಬಾಯಿಗೆ ಏನೂ ಹಾಕ್ಬ್ಯಾಡ ಕಣಪ್ಪ.”

“ಅದೇನ್ ದೊಡ್ಡದು ಬಿಡವ್ವ” ಎಂದುಬಿಟ್ಟ. ತೋಟದ ಬಾವಿಯ ಪಕ್ಕದಲ್ಲೇ ಬೆಳೆದವನಿಗೆ ಸ್ನಾನವೂ ಒಂದು ಸಮಸ್ಯೆಯಾದೀತು ಎಂದು ಹೊಳೆಯಲೇ ಇಲ್ಲ.

ಹಡಗಿನಲ್ಲಿ ಉಪ್ಪುನೀರಾದರೂ ಸಿಕ್ಕಿತು. ಎಡಿನ್‌ಬರೋದಲ್ಲಿ ಅವನು ಕೋಣೆ ಹಿಡಿದ ಮನೆಯ ಒಡತಿ ಮಿಸೆಸ್ ಮೆಕ್ರೇ ಎಂಬ ವಿಧವೆ, ನಗುವಿನಲ್ಲೂ ಜಿಪುಣತನ ಮಾಡುವ ಹೆಂಗಸು. ಅವಳ ಮನೆಯಲ್ಲಿ ಸ್ನಾನ ಶನಿವಾರ ಮಾತ್ರ. ಬೆನಕಪ್ಪ ಬಂದಿಳಿದದ್ದು ಸೋಮವಾರ! ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಕಡೆಯವರ ಸಂಕೋಚ ಗೊತ್ತಲ್ಲ, ಪ್ರಾಣ ಹೋದರೂ ಪರರ ಮನೆಯಲ್ಲಿ ‘ಬೇಕು’ ಎನ್ನುವುದಿಲ್ಲ. ಮರುದಿನ ಬೆಳಗಾಗುತ್ತಲೇ ಪಂಚೆ ಸುತ್ತಿಕೊಂಡು ಹಿತ್ತಲಿಗೆ ಇಳಿದು ಕೊಳಾಯಿಯ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡ. ಅಕ್ಟೋಬರ್ ತಿಂಗಳ ಚಳಿಗೆ ಮೈ ಮರಗಟ್ಟಿತು. ಅಕ್ಕಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆದವು. ಆದರೂ ಛಲ ಬಿಡದೆ ಮೂರು ದಿನ ಪೂಜೆ ನಡೆಸಿದ. ನಾಲ್ಕನೆಯ ದಿನ ಜ್ವರ ನೆತ್ತಿಗೇರಿತು.

ಡಾಕ್ಟರು ಬಂದು, ಇನ್ನೆರಡು ವಾರ ಸ್ನಾನದ ಹೆಸರೆತ್ತಕೂಡದು ಎಂದ. ಸ್ನಾನವಿಲ್ಲವೆಂದರೆ ಪೂಜೆಯಿಲ್ಲ, ಪೂಜೆಯಿಲ್ಲವೆಂದರೆ ಊಟವಿಲ್ಲ. ಮಿಸೆಸ್ ಮೆಕ್ರೇ ತಂದ ಗಂಜಿ ಎರಡು ದಿನ ಹಾಗೆಯೇ ವಾಪಸು ಹೋಯಿತು.

“ನನ್ನ ಮನೆಯಲ್ಲಿ ಯಾರೂ ಹಸಿದು ಸಾಯುವುದು ಬೇಡ. ನಾಳೆಯೇ ಪ್ರೊಫೆಸರಿಗೆ ಹೇಳಿ ನಿನ್ನನ್ನು ಊರಿಗೆ ಕಳಿಸುತ್ತೇನೆ” ಎಂದಳು.

ಬೆನಕಪ್ಪನಿಗೆ ಅಳುವೇ ಬಂದುಬಿಟ್ಟಿತು. ಉಂಡರೆ ಅವ್ವನಿಗೆ ಕೊಟ್ಟ ಮಾತು ಹೋಗುತ್ತದೆ, ಉಣ್ಣದಿದ್ದರೆ ಓದು ಹೋಗುತ್ತದೆ. ಇನ್ನು ಮುಚ್ಚಿಟ್ಟು ಏನು ಸುಖ ಎಂದು ಅಂಗಿಯೊಳಗಿಂದ ಕೊರಳ ಇಷ್ಟಲಿಂಗವನ್ನು ತೆಗೆದು ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅವಳು ನಗಲಿಲ್ಲ. ಭಾನುವಾರ ದೇವರ ದಿನವೆಂದು ಅಡುಗೆ ಮಾಡದೆ ತಂಗಳನ್ನೇ ತಿನ್ನುತ್ತಿದ್ದವಳು. ನೇಮವೆಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ನಿಮ್ಮೂರಿನಲ್ಲಿ ಯಾರೂ ಕಾಯಿಲೆ ಬೀಳುವುದಿಲ್ಲವೇ? ಬಿದ್ದಾಗ ಏನು ಮಾಡುತ್ತಾರೆ?” ಎಂದು ಕೇಳಿದಳು.

ಬೆನಕಪ್ಪ ತಬ್ಬಿಬ್ಬಾದ. ಹಾಸಿಗೆ ಹಿಡಿದಿದ್ದ ಅಜ್ಜಿ ಕರಿಬಸಮ್ಮನ ಮೈಯನ್ನು ಅವ್ವ ಒದ್ದೆ ಬಟ್ಟೆಯಲ್ಲಿ ಒರೆಸಿ ಅಂಗೈಗೆ ಲಿಂಗ ಕೊಡುತ್ತಿದ್ದದ್ದು ಆಗ ನೆನಪಾಗಿ, ಅದನ್ನೇ ಅವಳಿಗೆ ಹೇಳಿದ. ಇಷ್ಟು ಓದಿದ ತಲೆಗೆ ಅಷ್ಟೂ ಹೊಳೆದಿರಲಿಲ್ಲ!

ಸ್ವಲ್ಪ ಹೊತ್ತಿನಲ್ಲೇ ಬಿಸಿನೀರಿನ ಬೋಗುಣಿ ಬಂತು. ಅವಳು ಬಾಗಿಲಾಚೆ ನಿಂತಳು. ಬೆನಕಪ್ಪ ಮೈ ಒರೆಸಿಕೊಂಡು, ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸಿ, ಆಮೇಲೆ ಓಟ್ಸ್ ಗಂಜಿಯನ್ನು ಮೂರು ಬಟ್ಟಲು ಕುಡಿದ. ನಮ್ಮ ರಾಗಿ ಅಂಬಲಿಯ ತಮ್ಮನ ಹಾಗಿತ್ತು.

ಅಲ್ಲಿಂದ ಮೂರು ವರ್ಷ, ಬೆಳಗ್ಗೆ ಆರಕ್ಕೆ ಅವನ ಬಾಗಿಲ ಬಳಿ ಬಿಸಿನೀರು ತಪ್ಪಲಿಲ್ಲ. ಅಡುಗೆಮನೆ ನೆಲದ ಮಟ್ಟದಲ್ಲಿ, ಅವನ ಕೋಣೆ ಮೂರನೆಯ ಮಹಡಿಯಲ್ಲಿ. ಮಿಸೆಸ್ ಮೆಕ್ರೇಗೆ ಮಂಡಿನೋವು. ನಾನೇ ಬಂದು ಒಯ್ಯುತ್ತೇನೆ ಎಂದರೆ, “ನನ್ನ ಅಡುಗೆಮನೆಗೆ ಯಾರೂ ಕಾಲಿಡಕೂಡದು” ಎಂದು ಗದರುತ್ತಿದ್ದಳು. ಬೆನಕಪ್ಪ ಓದಿದ, ತೇರ್ಗಡೆಯಾದ, ಅಲ್ಲಿನ ಚಳಿಗೂ ಒಗ್ಗಿದ.

ಡಿಗ್ರಿ ಹಿಡಿದು ಯಗಟಿಗೆ ಬಂದ ದಿನವೇ ಅವ್ವನ ಮುಂದೆ ಕೂತು, ಅಲ್ಲಿ ದಿನಾ ಮೀಯಲಿಲ್ಲ, ಬರೀ ಒರೆಸಿಕೊಂಡು ಪೂಜೆ ಮಾಡಿದೆ ಎಂದು ಒಪ್ಪಿಕೊಂಡ. ಅವ್ವ ಏನನ್ನುತ್ತಾಳೋ ಎಂದು ಅವಳ ಮುಖ ನೋಡಿದ.

“ನೀರ್ ಯಾರ್ ಕಾಯ್ಸಿ ಕೊಡ್ತಿದ್ರು?” ಎಂದಳು ತೀರ್ಥಮ್ಮ.

ಅವನು ಎಲ್ಲವನ್ನೂ ಹೇಳಿದ.

“ಮಂಡಿನೋವು ಇಟ್ಕೊಂಡು ದಿನಾ ಮೂರ್ ಮಾಳಿಗೆ ಹತ್ತಿದ್ಲಾ?”

“ದಿನಾ ಕಣವ್ವ.”

ತೀರ್ಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹಂಗಾದ್ರೆ ಪೂಜೆ ಮಾಡಿದ್ದು ಆಯಮ್ಮ ಕಣೋ. ನೀನು ಉಂಡಿದ್ದೀಯ, ಅಷ್ಟೇಯ.”